ಕೈಯಿಂದ ಕೈಗೆ ಸಾಗುವ ಕರುಣೆ

ಬೆಳಗಿನ ಕಾಫಿ ಮುಗಿಯುವ ಮೊದಲೇ ಮನೆಯ ಹಿರಿಯರ ಮೊಬೈಲಿಗೆ ಸಂದೇಶವೊಂದು ಬಂದಿರುತ್ತದೆ: ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿದ ಮಗುವಿನ ಚಿತ್ರ, ಇದನ್ನು ಹತ್ತು ಮಂದಿಗೆ ಕಳುಹಿಸಿದರೆ ಪ್ರತಿಯೊಂದಕ್ಕೂ ಇಷ್ಟು ಪೈಸೆ ಚಿಕಿತ್ಸೆಗೆ ಸಲ್ಲುವುದೆಂಬ ಒಕ್ಕಣೆ. ಹಿರಿಯರು ಕನ್ನಡಕವನ್ನೇರಿಸಿ ಓದುತ್ತಾರೆ, ನಿಟ್ಟುಸಿರಿಡುತ್ತಾರೆ, ಬಂಧುಬಳಗಕ್ಕೆಲ್ಲ ಕಳುಹಿಸಿಬಿಡುತ್ತಾರೆ. ಕಾಸು ಬಿಚ್ಚದೆ ಪುಣ್ಯ ಕೈಗೂಡಿತು! ವಾಟ್ಸಾಪಿನ ಸಂದೇಶಗಳಾದರೋ 2016ರಿಂದ ಕಳುಹಿಸಿದವರಿಗೂ ಪಡೆದವರಿಗೂ ಹೊರತು ಮತ್ತಾರಿಗೂ ಓದಲಾಗದಂತೆ ಗೂಢಲಿಪಿಯಲ್ಲಿ ಸಾಗುತ್ತವೆ. ಹೀಗಿರಲು ಅವುಗಳನ್ನೆಣಿಸಿ ಪೈಸೆ ಸಲ್ಲಿಸುವ ಆ ಪುಣ್ಯಾತ್ಮನಾರೆಂದು ಯಾರೂ ಕೇಳುವುದಿಲ್ಲ.

ಇಂತಹ ಕರುಣೆಯ ಕಥೆ ಮೊಬೈಲಿಗಿಂತ ಹಳೆಯದು. 1989ರಲ್ಲಿ ಇಂಗ್ಲೆಂಡಿನ ಬಾಲಕನೊಬ್ಬನು ಮಿದುಳಿನ ಗೆಡ್ಡೆಯಿಂದ ನರಳುತ್ತಿದ್ದನು. ಶುಭಾಶಯ ಪತ್ರಗಳನ್ನು ಪಡೆಯುವುದರಲ್ಲಿ ಅವನು ಲೋಕಕ್ಕೆಲ್ಲ ಮೊದಲಿಗನಾಗಲೆಂದು ಒಂದು ಬಿನ್ನಹ ಹೊರಟಿತು. ಕಾಯಿಲೆಯೂ ನಿಜ, ಬಿನ್ನಹವೂ ನಿಜ. 1990ರಲ್ಲಿ ಪತ್ರಗಳ ಸಂಖ್ಯೆ ಒಂದು ಕೋಟಿ ಅರುವತ್ತು ಲಕ್ಷವನ್ನು ಮುಟ್ಟಿ ಗಿನ್ನೆಸ್ ಪುಸ್ತಕವನ್ನು ಸೇರಿತು. ಈ ಕೂಗು ಅಮೆರಿಕದ ಧನಿಕನೊಬ್ಬನ ಕಿವಿಗೂ ಬಿದ್ದು, ಅವನು ವೆಚ್ಚವನ್ನು ವಹಿಸಿದುದರಿಂದ 1991ರಲ್ಲಿ ವರ್ಜೀನಿಯಾದಲ್ಲಿ ಶಸ್ತ್ರಚಿಕಿತ್ಸೆ ನಡೆದು ಹುಡುಗನು ಉಳಿದನು. ಎಲ್ಲವನ್ನೂ ಸುಳ್ಳೆಂದು ತಳ್ಳಿಹಾಕುವ ಜಾಣರು ಇದನ್ನು ಮರೆಯಲಾಗದು.

ಆದರೆ ಹುಡುಗನು ಗುಣವಾದ ಮೇಲೂ ಬಿನ್ನಹ ಗುಣವಾಗಲಿಲ್ಲ. ಸಾಕು, ಇನ್ನು ಕಳುಹಿಸಬೇಡಿರೆಂದು ಮನೆಯವರು ಮೊರೆಯಿಟ್ಟರೂ ಅದು ಫ್ಯಾಕ್ಸಿನಲ್ಲಿ, ಆಮೇಲೆ ಇಮೇಲಿನಲ್ಲಿ ಸುತ್ತಿತು. ಹೆಸರು ಕೆಟ್ಟಿತು, ಶುಭಾಶಯ ಪತ್ರದ ಬದಲು ವ್ಯಾಪಾರಿಗಳ ಹೆಸರಿನ ಚೀಟಿಗಳನ್ನು ಕಳುಹಿಸಿರೆಂದಾಯಿತು. ಹುಡುಗನು ಮೀಸೆ ಬಂದು ಯುವಕನಾದರೂ ಕಾಗದದಲ್ಲಿ ಮಾತ್ರ ಸಾಯುತ್ತಿರುವ ಬಾಲಕನಾಗಿಯೇ ಉಳಿದನು. ಅವನು ತೀರಿಕೊಂಡದ್ದು 2020ರಲ್ಲಿ, ನಾಲ್ವತ್ತರ ವಯಸ್ಸಿನಲ್ಲಿ.

ಅದೇ ವರ್ಷ ನಮ್ಮ ದೇಶದಲ್ಲಿ ವಂಚಕರು ಇನ್ನೂ ಸೂಕ್ಷ್ಮರಾದರು. ಮಾರ್ಚಿಯಲ್ಲಿ ಪಿಎಂ ಕೇರ್ಸ್ ನಿಧಿ ಸ್ಥಾಪಿತವಾದೊಡನೆ, ಅದರ ಯುಪಿಐ ವಿಳಾಸದಿಂದ ಒಂದೇ ಅಕ್ಷರವನ್ನು ಕಿತ್ತ ನಕಲಿ ವಿಳಾಸ ಹುಟ್ಟಿಕೊಂಡಿತು. ಸರ್ಕಾರವು ಎಚ್ಚರಿಕೆಯನ್ನು ಹೊರಡಿಸಬೇಕಾಯಿತು. ಕೊಡುವವನ ಕಣ್ಣು ಮಂಜಾಗಿರುವಾಗ ಒಂದಕ್ಷರವನ್ನು ನೋಡುವವರಾರು? ದೇಶ, ಕಾಲ, ಪಾತ್ರಗಳನ್ನರಿತು ಕೊಟ್ಟುದೇ ಸಾತ್ತ್ವಿಕ ದಾನವೆಂದು ಗೀತೆಯ 17ನೆಯ ಅಧ್ಯಾಯ ಹೇಳುವಾಗ ಅದು ಕೈಯನ್ನು ಹಿಡಿಯೆಂದು ಹೇಳಿದುದಲ್ಲ.

ಹೀಗೆ ಒಮ್ಮೆ ಮೋಸಹೋದ ನಿವೃತ್ತ ಮೇಷ್ಟರೊಬ್ಬರು, ಆಮೇಲೆ ಯಾವ ಬಿನ್ನಹ ಬಂದರೂ ಓದದೆಯೇ ಅಳಿಸಿಹಾಕುತ್ತಿದ್ದರು. ಒಂದು ದಿನ ಹಾಗೆ ಅಳಿಸಹೊರಟ ಚಿತ್ರದಲ್ಲಿನ ಮುಖವನ್ನು ಎಲ್ಲಿಯೋ ಕಂಡಂತಾಯಿತು.

“ಈ ಹುಡುಗಿ ಹಿಂದಿನ ಬೀದಿಯವಳಲ್ಲವೇನಮ್ಮ?” ಎಂದರು ಸೊಸೆಯೊಡನೆ.

“ಹೌದು ಮಾವ, ಹೂ ಕಟ್ಟುವವರ ಮಗಳು. ಇದು ನಿಜವಾಗಿಯೂ ಅವರೇ ಕಳುಹಿಸಿದ್ದೋ ಏನೋ. ಹೋಗಿ ಕೇಳಿ ಬನ್ನಿ.”

ಮೇಷ್ಟರು ಹೋದರು. ತಾಯಿ ಆಸ್ಪತ್ರೆಯ ಚೀಟಿಯನ್ನು ತಂದು ತೋರಿಸಿದಳು. ಸಂದೇಶದಲ್ಲಿದ್ದ ಚಿತ್ರ ಅವಳ ಮಗಳದೇ. ಹಣ ಕಳುಹಿಸಬೇಕಾದ ಸಂಖ್ಯೆ ಮಾತ್ರ ಅವಳು ಎಂದೂ ಕಂಡಿರದ ಯಾರದೋ ಆಗಿತ್ತು. ಮಧ್ಯಾಹ್ನದ ಬಸ್ಸಿಗೆ ಅವರಿಬ್ಬರೂ ಹೊರಟರು, ಆಸ್ಪತ್ರೆಯ ಕೌಂಟರಿನಲ್ಲಿಯೇ ಹಣ ಕಟ್ಟಿ ರಸೀತಿ ಪಡೆಯಲು.