ಉಪ್ಪಿನ ನಡುವೆ ಸಿಹಿನೀರಿನ ಊರು

ಖಾವ್ಡಾ ದಾಟಿ ಸ್ವಲ್ಪ ದೂರ ಹೋದ ಮೇಲೆ ರಸ್ತೆ ಉಪ್ಪಿನೊಳಗೆ ನುಗ್ಗಿಬಿಡುತ್ತದೆ. ಎಡಕ್ಕೂ ಬಿಳುಪು, ಬಲಕ್ಕೂ ಬಿಳುಪು, ನಡುವೆ ಡಾಂಬರಿನದೊಂದು ಕಪ್ಪು ಗೆರೆ. ಇದು ಕಛ್‌ನ ದೊಡ್ಡ ರಣ್. ಮಳೆಗಾಲದಲ್ಲಿ ನೀರು ನಿಂತು, ಆಮೇಲೆ ತಿಂಗಳುಗಟ್ಟಲೆ ಬಿಸಿಲಿಗೆ ಬತ್ತಿ, ಕೊನೆಗೆ ಉಪ್ಪನ್ನಷ್ಟೇ ಉಳಿಸಿಕೊಳ್ಳುವ ನೆಲ. ನಾವು ಹೋದದ್ದು ಜನವರಿಯಲ್ಲಿ. ಗಾಡಿ ನಿಲ್ಲಿಸಿ ಇಳಿದು, ಚಪ್ಪಲಿ ಬಿಟ್ಟು ಕಾಲಿಟ್ಟರೆ ಮೇಲೆ ಗರಿಗರಿ, ಕೆಳಗೆ ತಣ್ಣನೆಯ ಕೆಸರು. ಎಷ್ಟು ನಡೆದರೂ ದಿಗಂತ ಅಲ್ಲೇ ನಿಂತಿರುತ್ತದೆ. ಇಂಥ ಕಡೆ ಒಂದು ಹಳ್ಳಿ ಇದೆ ಎಂದರೂ ನಂಬುವುದು ಕಷ್ಟ. ಐದು ಸಾವಿರ ವರ್ಷಗಳ ಹಿಂದೆ ಇಲ್ಲಿ ನಗರವೇ ಇತ್ತು.

ರಣ್‌ನ ಬಿಳುಪಿನ ಆಚೆ ಕಂದುಬಣ್ಣದ ಗುಡ್ಡಸಾಲೊಂದು ಕಾಣಿಸಿಕೊಳ್ಳುತ್ತದೆ. ಅದೇ ಖದೀರ್ ಬೇಟ್, ಉಪ್ಪಿನ ಕಡಲಿನೊಳಗಿನ ದ್ವೀಪ. ಅದರ ವಾಯವ್ಯ ಮೂಲೆಯಲ್ಲಿ ಧೋಲಾವೀರಾ. 1960ರ ದಶಕದಲ್ಲಿ ಬೆಳಕಿಗೆ ಬಂದ, ಸಿಂಧೂ ನಾಗರಿಕತೆಯ ನೆಲೆ ಇದು. ಪುರಾತತ್ವ ಸರ್ವೇಕ್ಷಣ ಇಲಾಖೆಯ ಜೆ. ಪಿ. ಜೋಶಿ ಇದನ್ನು ಗುರುತಿಸಿದರು. ಆರ್. ಎಸ್. ಬಿಷ್ಟ್ ಅವರ ನೇತೃತ್ವದಲ್ಲಿ 1990ರ ಆಸುಪಾಸಿನಿಂದ 2005ರವರೆಗೆ ಉತ್ಖನನ ನಡೆಯಿತು. 2021ರ ಜುಲೈನಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಇಷ್ಟು ವಿವರ ಯಾವ ಪುಸ್ತಕದಲ್ಲಾದರೂ ಸಿಗುತ್ತದೆ. ಪುಸ್ತಕದಲ್ಲಿ ಸಿಗದೆ ಇರುವುದು ಆ ಬಿಸಿಲು, ಆ ಒಣಗಾಳಿ, ಮತ್ತು ಅದರ ನಡುವೆ ನಿಂತಾಗ ಗಂಟಲಲ್ಲಿ ಏಳುವ ಒಂದೇ ಪ್ರಶ್ನೆ: ಇಲ್ಲಿದ್ದವರು ಕುಡಿಯುತ್ತಿದ್ದದ್ದು ಏನನ್ನು?

ನಾನು ಪಿಯುಸಿ ಮಕ್ಕಳಿಗೆ ಇತಿಹಾಸ ಹೇಳಿಕೊಟ್ಟವಳು. ‘ಪ್ರಾಚೀನ ನಾಗರಿಕತೆಗಳ ಲಕ್ಷಣಗಳನ್ನು ಬರೆಯಿರಿ’ ಎಂಬ ಪ್ರಶ್ನೆಗೆ ಮಕ್ಕಳು ಕಣ್ಣು ಮುಚ್ಚಿ ಉತ್ತರ ಒಪ್ಪಿಸುತ್ತಿದ್ದರು: ನಗರ, ಲಿಪಿ, ತೆರಿಗೆ, ದೊಡ್ಡ ಕಟ್ಟಡ, ದೂರದ ವ್ಯಾಪಾರ, ಕಸುಬುದಾರರು, ಆಳುವ ವರ್ಗ. ಆ ಪಟ್ಟಿಯ ಮೂಲ ಬಹುಮಟ್ಟಿಗೆ ಪುರಾತತ್ವಜ್ಞ ಗಾರ್ಡನ್ ಚೈಲ್ಡ್ 1950ರಲ್ಲಿ ನಗರ ಕ್ರಾಂತಿಯ ಬಗ್ಗೆ ಬರೆದ ಲೇಖನ. ಹತ್ತು ಲಕ್ಷಣಗಳನ್ನು ಅವರು ಅಲ್ಲಿ ಹೆಸರಿಸಿದ್ದಾರೆ. ಆ ಹತ್ತೂ ಒಂದಕ್ಕೊಂದು ಹೇಗೆ ಅಂಟಿಕೊಂಡಿವೆ ಎಂಬುದು ನನಗೆ ಕಣ್ಣಿಗೆ ಕಟ್ಟಿದ್ದು ಧೋಲಾವೀರಾದ ಪೂರ್ವದ ಜಲಾಶಯದ ಅಂಚಿನಲ್ಲಿ ನಿಂತಾಗ.

73.4 ಮೀಟರ್ ಉದ್ದ, 29.3 ಮೀಟರ್ ಅಗಲ, ಸುಮಾರು 10 ಮೀಟರ್ ಆಳ. ಮೊಹೆಂಜೊ-ದಾರೋದ ಮಹಾಸ್ನಾನಗೃಹ ಎಲ್ಲರಿಗೂ ಗೊತ್ತು. ಅದರ ಉದ್ದ ಹನ್ನೆರಡು ಮೀಟರ್, ಅಗಲ ಏಳು ಮೀಟರ್ ಅಷ್ಟೆ. ಇಲ್ಲಿ ಅಂಚಿನಿಂದ ತಳದತ್ತ ನೋಡಿದರೆ ತಲೆ ತಿರುಗುತ್ತದೆ. ಮೂಲೆಯಲ್ಲಿ ಕಲ್ಲಿನ ಮೆಟ್ಟಿಲುಗಳು ಒಂದರ ಕೆಳಗೊಂದು ಇಳಿಯುತ್ತ ಹೋಗುತ್ತವೆ. ನೀರು ತುಂಬಿದ್ದಾಗ ಮೇಲಿನ ಮೆಟ್ಟಿಲಲ್ಲೇ ಕೊಡ ಅದ್ದಬಹುದಿತ್ತು. ಬೇಸಗೆ ಏರಿದಂತೆ ನೀರಿನ ಹಿಂದೆ ಕೆಳಗೆ ಕೆಳಗೆ ಇಳಿಯಬೇಕಿತ್ತು. ತುಂಬಿದ ಕೊಡ ಹೊತ್ತು ಆ ಮೆಟ್ಟಿಲು ಹತ್ತಿದವರ ಮೊಣಕಾಲು ನೋವನ್ನು ಯಾವ ಉತ್ಖನನ ವರದಿಯೂ ದಾಖಲಿಸಿಲ್ಲ. ಆದರೆ ಮೆಟ್ಟಿಲು ಇದೆ, ಅಷ್ಟು ಸಾಕು.

ಇಲ್ಲಿ ತುಂಬಿ ಹರಿಯುವ ನದಿಯಿಲ್ಲ. ನೈಲ್ ಇಲ್ಲ, ಯೂಫ್ರೆಟಿಸ್ ಇಲ್ಲ, ಸಿಂಧೂ ಕೂಡ ದೂರ. ಇರುವುದು ಎರಡು ಹಳ್ಳ, ಉತ್ತರಕ್ಕೆ ಮಾನ್ಸರ್, ದಕ್ಷಿಣಕ್ಕೆ ಮನ್ಹರ್. ಎರಡೂ ಮಳೆ ಬಂದಾಗ ಮಾತ್ರ ಹರಿಯುತ್ತವೆ, ಮಳೆಯೋ ವರ್ಷಕ್ಕೆ 300 ಮಿಲಿಮೀಟರಿನ ಆಸುಪಾಸು. ನಗರ ಕಟ್ಟಿದವರು ಆ ಎರಡು ಹಳ್ಳಗಳ ನಡುವಿನ ಇಳಿಜಾರನ್ನೇ ಆರಿಸಿಕೊಂಡರು. ಹಳ್ಳಗಳಿಗೆ ಅಡ್ಡಕಟ್ಟೆ ಹಾಕಿ ನೀರನ್ನು ಊರಿನ ಕಡೆ ತಿರುಗಿಸಿದರು. ಮೇಲಿನ ತುದಿಗೂ ಕೆಳಗಿನ ತುದಿಗೂ 13 ಮೀಟರ್ ಎತ್ತರದ ವ್ಯತ್ಯಾಸ. ಮಲೆನಾಡಿನಲ್ಲಿ ಮೇಲಿನ ಗದ್ದೆ ತುಂಬಿ ಕೆಳಗಿನ ಗದ್ದೆಗೆ ನೀರು ಇಳಿಯುವ ಹಾಗೆ, ಇಲ್ಲಿ ಜಲಾಶಯದಿಂದ ಜಲಾಶಯಕ್ಕೆ ನೀರು ಇಳಿಯುತ್ತಿತ್ತು. ಕೋಟೆಗೋಡೆಯ ಒಳಗೆ ಊರಿನ ಸುತ್ತ ಇಂಥವು ಸಾಲುಸಾಲಾಗಿವೆ. ದಕ್ಷಿಣದವುಗಳಲ್ಲಿ ಒಂದನ್ನು ಬಂಡೆಯನ್ನೇ ಕಡಿದು ಮಾಡಿದ್ದಾರೆ. ತಾಮ್ರ, ಕಂಚು, ಕಲ್ಲಿನ ಉಪಕರಣ ಮಾತ್ರ ಇದ್ದ ಕಾಲ ಅದು. ಕಬ್ಬಿಣ ಇನ್ನೂ ಬಂದಿರಲಿಲ್ಲ.

ಎತ್ತರದ ಕೋಟೆಯ ಮೇಲೆ ಬಿದ್ದ ಮಳೆಯನ್ನೂ ಬಿಟ್ಟಿಲ್ಲ. ನೆಲದಡಿಯಲ್ಲಿ ಕಲ್ಲಿನ ಕಾಲುವೆಗಳು ಕವಲೊಡೆದು ಸಾಗಿ ಆ ನೀರನ್ನು ತೊಟ್ಟಿಗೆ ಸೇರಿಸುತ್ತವೆ. ಅಲ್ಲೇ ಒಂದು ದೊಡ್ಡ ಬಾವಿ. ಬಾವಿಯ ಬಾಯಿಯ ಕಲ್ಲಿನ ಮೇಲೆ ಹಗ್ಗ ಉಜ್ಜಿ ಉಜ್ಜಿ ಬಿದ್ದ ಗೀರುಗಳಿವೆ. ನೂರಾರು ವರ್ಷ ಎಷ್ಟೋ ಕೈಗಳು ಎಳೆದ ಹಗ್ಗದ ಗುರುತು. ಪಿರಮಿಡ್ಡಿನ ಚಿತ್ರ ನೋಡಿ ಬೆರಗಾಗಿದ್ದೇನೆ, ಆದರೆ ಈ ಕಲ್ಲಿನ ಎದುರು ಕುಕ್ಕರುಗಾಲಲ್ಲಿ ಕೂತಾಗ ಆದ ಅನುಭವ ಬೇರೆ. ಇದು ಯಾರೂ ನೆನಪಿಗಾಗಿ ಕೆತ್ತಿದ್ದಲ್ಲ. ನೀರು ಸೇದುವ ಕೆಲಸ ತಾನಾಗಿ ಬರೆದಿಟ್ಟುಹೋದದ್ದು.

ನೀರನ್ನು ಹಿಡಿದಿಡಬೇಕಾದರೆ ಕಲ್ಲು ಕಡಿಯುವವರು ಬೇಕು, ಅವರಿಗೆ ಊಟ ಹಾಕಲು ಮಿಕ್ಕ ಧಾನ್ಯ ಬೇಕು, ಅದನ್ನು ಅಳೆದು ಹಂಚುವವರು ಬೇಕು, ಮಳೆಗೆ ಮುಂಚೆ ಹೂಳು ತೆಗೆಸಬೇಕು, ಯಾರ ಪಾಲಿಗೆ ಎಷ್ಟು ಎಂದು ತೀರ್ಮಾನಿಸಬೇಕು. ಚೈಲ್ಡ್ ಪಟ್ಟಿ ಮಾಡಿದ ಲಕ್ಷಣಗಳೆಲ್ಲ ಈ ಒಂದು ಗುಂಡಿಯ ಸುತ್ತ ಬಂದು ಕೂರುತ್ತವೆ. ತರಗತಿಯಲ್ಲಿ ನಾನು ಅವನ್ನು ಒಂದೊಂದೇ ಅಂಕದ ಬಿಡಿ ಉತ್ತರಗಳಾಗಿ ಹಂಚುತ್ತಿದ್ದೆ. ಇಲ್ಲಿ ಅವುಗಳನ್ನು ಬಿಡಿಸುವುದೇ ಆಗುವುದಿಲ್ಲ.

ಕೋಟೆಯ ಉತ್ತರ ಬಾಗಿಲಿಗೆ ಬಂದರೆ ಹೊಳಪು ಕೊಟ್ಟ ಕಲ್ಲಿನ ಕಂಬಗಳ ತುಣುಕುಗಳು ಇನ್ನೂ ನಿಂತಿವೆ. ಹಳದಿ ಛಾಯೆಯ ಸುಣ್ಣಕಲ್ಲು, ಮುಟ್ಟಿದರೆ ಕೈ ಜಾರುತ್ತದೆ. ಈ ಬಾಗಿಲಿನ ಪಕ್ಕದ ಕೋಣೆಯಲ್ಲಿ ಸಿಕ್ಕಿದ್ದು ಧೋಲಾವೀರಾದ ಅತ್ಯಂತ ಪ್ರಸಿದ್ಧ ವಸ್ತು: ಹತ್ತು ಅಕ್ಷರಗಳ ಫಲಕ. ಮರದ ಹಲಗೆ ಮಣ್ಣಾಗಿ ಹೋಗಿದೆ. ಅದರ ಮೇಲೆ ಜೋಡಿಸಿದ್ದ ಬಿಳಿ ಜಿಪ್ಸಮ್ ತುಂಡುಗಳು ಮಾತ್ರ ಬಿದ್ದಲ್ಲೇ ಉಳಿದುಕೊಂಡವು. ಒಂದೊಂದು ಅಕ್ಷರವೂ ಸುಮಾರು 37 ಸೆಂಟಿಮೀಟರ್ ಎತ್ತರ. ಚಕ್ರದಂಥ ಚಿಹ್ನೆ ಹತ್ತರಲ್ಲಿ ನಾಲ್ಕು ಸಲ ಬರುತ್ತದೆ. ನಾನು ನೋಡಿದ್ದು ಚಿತ್ರವನ್ನು ಮಾತ್ರ, ಆದರೂ ಆ ಬಾಗಿಲಲ್ಲಿ ನಿಂತು ಆ ಚಿತ್ರ ನೆನೆದಾಗ ಮೈ ಜುಮ್ಮೆಂದಿತು. ಸಿಂಧೂ ಲಿಪಿ ನಮಗೆ ಸಿಕ್ಕಿರುವುದು ಹೆಚ್ಚಾಗಿ ಬೆರಳ ತುದಿಯಲ್ಲಿ ಹಿಡಿಯಬಹುದಾದ ಮುದ್ರೆಗಳ ಮೇಲೆ. ಇಲ್ಲಿ ಅದೇ ಲಿಪಿಯನ್ನು ದೂರದಿಂದ ಕಾಣುವಷ್ಟು ದೊಡ್ಡದಾಗಿ ಬರೆದು ಎಲ್ಲರ ಎದುರು ನೇತುಹಾಕಿದ್ದಿರಬೇಕು. ಅಂದರೆ ಓದಬಲ್ಲವರು ಇದ್ದರು, ಅಥವಾ ಓದಲು ಬಾರದವರಿಗೂ ಅದರ ಅರ್ಥ ಗೊತ್ತಿತ್ತು. ಈಜಿಪ್ಟಿನ ಚಿತ್ರಲಿಪಿಯ ಬೀಗವನ್ನು ಷಾಂಪೋಲಿಯನ್ 1822ರಲ್ಲಿ ತೆರೆದರು. ಮೆಸೊಪೊಟೇಮಿಯದ ಬೆಣೆಲಿಪಿಯೂ ಅದೇ ಶತಮಾನದಲ್ಲಿ ಬಾಯಿಬಿಟ್ಟಿತು. ಈ ಹತ್ತು ಅಕ್ಷರ ಮಾತ್ರ ಇನ್ನೂ ಮೌನವಾಗಿವೆ.

ಶಾಲಾ ಪ್ರವಾಸಕ್ಕೆ ಬಂದಿದ್ದ ಹುಡುಗಿಯೊಬ್ಬಳು ಅಲ್ಲಿನ ಮಾರ್ಗದರ್ಶಿಯನ್ನು ಕೇಳುತ್ತಿದ್ದಳು: “ಇಲ್ಲಿಯ ರಾಜ ಯಾರು, ಚಾಚಾ?”

“ಹೆಸರು ಸಿಕ್ಕಿಲ್ಲ, ಬೇಟಾ,” ಎಂದ ಆತ. “ಅರಮನೆಯೂ ಇಂಥದ್ದೇ ಅಂತ ಹೇಳೋದಕ್ಕಾಗಲ್ಲ. ಕೆರೆ ಸಿಕ್ಕಿದೆ, ನೋಡು.”

ಆತ ಅದನ್ನು ಉಪದೇಶದ ಹಾಗೆ ಹೇಳಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಇದೇ ಕಾಲಮಾನದಲ್ಲಿ ಈಜಿಪ್ಟಿನ ಗೀಜಾದಲ್ಲಿ ಖುಫು ಎಂಬ ಒಬ್ಬ ದೊರೆಯ ಗೋರಿಗಾಗಿ ಲಕ್ಷಾಂತರ ಕಲ್ಲು ಏರಿಸುತ್ತಿದ್ದರು. ಮೆಸೊಪೊಟೇಮಿಯದ ಊರ್ ನಗರದಲ್ಲಿ ರಾಜಮನೆತನದವರನ್ನು ಚಿನ್ನದ ಜೊತೆ, ಸೇವಕರ ಜೊತೆ ಹೂಳುತ್ತಿದ್ದರು. ಧೋಲಾವೀರಾದಲ್ಲೂ ಮೇಲು-ಕೀಳು ಇತ್ತು. ಎತ್ತರದ ಕೋಟೆ, ನಡುವಿನ ಊರು, ಕೆಳಗಿನ ಊರು ಎಂದು ಗೋಡೆ ಹಾಕಿಯೇ ಬೇರ್ಪಡಿಸಿದ್ದಾರೆ. ಎಲ್ಲರೂ ಸಮಾನರಾಗಿದ್ದರು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಆದರೆ ಆಳಿದವರು ತಮ್ಮ ಮುಖವನ್ನು ಕಲ್ಲಿನಲ್ಲಿ ನಿಲ್ಲಿಸಿಲ್ಲ. ಊರಿನ ಪಶ್ಚಿಮಕ್ಕಿರುವ ಸ್ಮಶಾನದಲ್ಲಿ ಅರ್ಧಗೋಳದ ದಿಬ್ಬಗಳಿವೆ. ಅವುಗಳಲ್ಲೊಂದರ ತಳವನ್ನು ಅರೆಕಾಲುಗಳಿರುವ ಚಕ್ರದ ಆಕಾರದಲ್ಲಿ ಕಟ್ಟಿದ್ದಾರೆ. ಅಗೆದಾಗ ಹಲವು ಗುಂಡಿಗಳಲ್ಲಿ ಮಡಕೆ, ಮಣಿ ಸಿಕ್ಕವು, ಅಸ್ಥಿಪಂಜರ ಸಿಗಲಿಲ್ಲ. ಸತ್ತವರ ನೆನಪಿಗೆ ಮಾತ್ರ ಕಟ್ಟಿದವು.

ಮಣಿಗಳ ವಿಷಯ ಬಂತು. ಕೆಂಪು ಕಾರ್ನೀಲಿಯನ್ ಕಲ್ಲು ಗುಜರಾತಿನದು. ಅದನ್ನು ಕಾಯಿಸಿ ಬಣ್ಣ ಏರಿಸಿ, ಉದ್ದನೆಯ ಮಣಿಯಾಗಿ ತಿದ್ದಿ, ತುದಿಯಿಂದ ತುದಿಗೆ ತೂತು ಕೊರೆಯುತ್ತಿದ್ದರು. ಮಾರ್ಕ್ ಕೆನೋಯರ್ ಎಂಬ ಪುರಾತತ್ವಜ್ಞರು ಹಳೆಯ ರೀತಿಯಲ್ಲೇ ಕೊರೆದು ನೋಡಿದಾಗ ಗಂಟೆಗೆ ಎರಡೂವರೆ ಮಿಲಿಮೀಟರ್ ಮುಂದುವರಿಯಿತಂತೆ. ಆರು ಸೆಂಟಿಮೀಟರಿನ ಒಂದು ಮಣಿಯನ್ನು ಕೊರೆಯುವುದಕ್ಕೇ ಒಬ್ಬ ಕಸುಬುದಾರನ ಮೂರು ದಿನದ ದುಡಿಮೆ. ಕೊನೆಯ ಕ್ಷಣದಲ್ಲಿ ಬಿರುಕು ಬಿಟ್ಟರೆ ಎಲ್ಲ ವ್ಯರ್ಥ. ಅಂಥ ಮಣಿಗಳು ಊರ್‌ನ ರಾಜಗೋರಿಗಳಲ್ಲಿ ಸಿಕ್ಕಿವೆ. ಮೆಸೊಪೊಟೇಮಿಯದ ಅಕ್ಕಾಡಿನ ದೊರೆ ಸಾರ್ಗಾನ್ ತನ್ನ ಬಂದರಿಗೆ ಮೆಲುಹ್ಹಾದ ಹಡಗುಗಳು ಬಂದು ನಿಲ್ಲುತ್ತವೆ ಎಂದು ಬರೆಸಿಕೊಂಡಿದ್ದಾನೆ. ಮೆಲುಹ್ಹಾ ಎಂದರೆ ಈ ಸಿಂಧೂ ಕಣಿವೆಯ ನಾಡು ಎಂದೇ ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಆಗ ರಣ್‌ನಲ್ಲಿ ಕಡಲ ನೀರಿತ್ತು, ದೋಣಿ ಓಡಾಡುತ್ತಿತ್ತು ಎನ್ನುತ್ತಾರೆ ಹಲವು ಸಂಶೋಧಕರು. ನಾನು ಚಪ್ಪಲಿ ಬಿಟ್ಟು ನಡೆದ ಉಪ್ಪಿನ ನೆಲ ವ್ಯಾಪಾರದ ಹಾದಿಯಾಗಿತ್ತು!

ಈ ಕಡಲ ವ್ಯಾಪಾರದ ಮಾತು ಬಂದಾಗ ಕನ್ನಡಿಗರು ಹೆಮ್ಮೆಯಿಂದ ನೆನೆಯಬೇಕಾದ ಹೆಸರು ಶಿಕಾರಿಪುರ ರಂಗನಾಥ ರಾವ್ ಅವರದು. ಅಹಮದಾಬಾದ್ ಜಿಲ್ಲೆಯಲ್ಲಿರುವ, ಇದೇ ನಾಗರಿಕತೆಯ ಇನ್ನೊಂದು ನೆಲೆಯಾದ ಲೋಥಲ್ ಅನ್ನು 1954ರಲ್ಲಿ ಪತ್ತೆ ಮಾಡಿ, ಮುಂದಿನ ವರ್ಷದಿಂದ ಅಗೆದು ಹೊರತೆಗೆದವರು ಅವರು. ಅಲ್ಲಿನ ಇಟ್ಟಿಗೆಯ ದೊಡ್ಡ ಕಟ್ಟೆ ಹಡಗುಕಟ್ಟೆಯೇ ಎಂದು ಅವರು ವಾದಿಸಿದರು. ಅಲ್ಲ, ಕೆರೆ ಎಂದವರೂ ಇದ್ದಾರೆ. ವಾದ ಇನ್ನೂ ಮುಗಿದಿಲ್ಲ. ನನ್ನ ಮನಸ್ಸು ರಾಯರ ಕಡೆಗಿದೆ: ಕಟ್ಟೆಯ ಪಕ್ಕದಲ್ಲೇ ಗೋದಾಮು, ಗೋದಾಮಿನಲ್ಲಿ ಮೂಟೆಗೆ ಒತ್ತಿದ ಮುದ್ರೆಗಳು, ಊರಲ್ಲಿ ಮಣಿ ಮಾಡುವ ಕಾರ್ಖಾನೆ. ಸರಕು ಹೋಗುವ ದಾರಿ ಇಲ್ಲದೆ ಇಷ್ಟೆಲ್ಲ ಏಕೆ ಬೇಕು?

ಇಷ್ಟು ಕಟ್ಟಿಕೊಂಡ ಊರು ಬರಿದಾದದ್ದು ಒಂದೇ ದಿನದಲ್ಲಲ್ಲ. ಸುಮಾರು 4,200 ವರ್ಷಗಳ ಹಿಂದೆ ಮಳೆ ಕೈಕೊಡತೊಡಗಿತು. ಮೇಘಾಲಯದ ಮಾವ್ಮ್ಲೂ ಗುಹೆಯೊಳಗೆ ಹನಿಹನಿಯಾಗಿ ಬೆಳೆದ ಕಲ್ಲಿನಲ್ಲಿ ಆ ಬರದ ದಾಖಲೆಯಿದೆ; ಅದನ್ನೇ ಆಧಾರವಾಗಿಟ್ಟುಕೊಂಡು ಭೂವಿಜ್ಞಾನಿಗಳು 2018ರಲ್ಲಿ ಅಂದಿನಿಂದ ಇಂದಿನವರೆಗಿನ ಯುಗಕ್ಕೆ ಮೇಘಾಲಯನ್ ಎಂದು ಹೆಸರಿಟ್ಟರು. ಈಜಿಪ್ಟಿನ ಹಳೆಯ ರಾಜ್ಯ ಕುಸಿದದ್ದು, ಅಕ್ಕಾಡ್ ಸಾಮ್ರಾಜ್ಯ ಮುರಿದದ್ದು ಹೆಚ್ಚುಕಡಿಮೆ ಆ ಹೊತ್ತಿನಲ್ಲೇ. ಬರ ಒಂದೇ ಕಾರಣವೆಂದು ಹೇಳಲಾಗದು. ಆದರೂ ಖದೀರ್‌ನಲ್ಲಿ ನಿಂತವರಿಗೆ ಮಳೆ ತಪ್ಪಿದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಊರು ಖಾಲಿಯಾಗಿ, ಜನ ಮರಳಿ ಬಂದು ಚಿಕ್ಕದಾಗಿ ನೆಲೆಸಿ, ಮತ್ತೆ ಬಿಟ್ಟು, ಕಟ್ಟಕಡೆಗೆ ಬಂದವರು ಹಳೆಯ ಬೀದಿ, ಗೋಡೆ ಯಾವುದನ್ನೂ ಲೆಕ್ಕಿಸದೆ ದುಂಡನೆಯ ಗುಡಿಸಲು ಹಾಕಿಕೊಂಡರು. ಅವುಗಳ ಕಲ್ಲಿನ ಸುತ್ತುಗಳು ಇಂದಿಗೂ ಕಾಣುತ್ತವೆ. ಪಾಠದಲ್ಲಿ ಈ ಭಾಗವನ್ನು ‘ಅವನತಿ’ ಎಂದು ಎರಡು ಸಾಲಿನಲ್ಲಿ ಮುಗಿಸುತ್ತೇವೆ. ಅದು ಅನ್ಯಾಯ ಎಂದು ನನಗೆ ಅನಿಸಿದ್ದು ಅಂದು ಸಂಜೆ, ನಾವು ಉಳಿದುಕೊಂಡ ದುಂಡುಮನೆಯಲ್ಲಿ. ಕಛ್‌ನ ಜನ ಇದನ್ನು ಭೂಂಗಾ ಎನ್ನುತ್ತಾರೆ. ಮಣ್ಣುಗೋಡೆ, ಹುಲ್ಲಿನ ಚೂಪು ಮಾಡು, ಒಳಗೋಡೆಯ ತುಂಬ ಕನ್ನಡಿ ಚೂರುಗಳ ಚಿತ್ತಾರ. ಮನೆಯ ಹಿರಿಯರು ಗೋಡೆಯನ್ನು ಅಂಗೈಯಿಂದ ತಟ್ಟಿ 2001ರ ಜನವರಿ 26ರ ಬೆಳಗ್ಗೆಯ ಮಾತು ತೆಗೆದರು. ಅಂದಿನ ಭೂಕಂಪಕ್ಕೆ ಭಚಾವ್ ಪಟ್ಟಣ ನೆಲಕ್ಕೆ ಕುಸಿದಿತ್ತು.

“ಮೂಲೆ ಇರೋ ಮನೆ ಮೂಲೆಯಲ್ಲೇ ಸೀಳಿತು, ಬೆಹನ್,” ಎಂದರು. “ಇದಕ್ಕೆ ಮೂಲೆಯೇ ಇಲ್ಲವಲ್ಲ. ಅಲ್ಲಾಡಿತು, ನಿಂತುಕೊಂಡಿತು.”

ಇಂಥ ಮನೆ ಕಟ್ಟುವುದನ್ನು ಯಾರಿಂದ ಕಲಿತಿರಿ ಎಂದು ಕೇಳಿದೆ. ಅಪ್ಪನಿಂದ, ಅಪ್ಪ ಅಜ್ಜನಿಂದ ಎಂದರು. ಅಲ್ಲಿಂದ ಹಿಂದಕ್ಕೆ ಎಷ್ಟು ತಲೆಮಾರು ಎಂದು ಎಣಿಸಲು ಅವರೂ ಹೋಗಲಿಲ್ಲ, ನಾನೂ ಕೇಳಲಿಲ್ಲ. ಮಾಡಿಗೆ ಹೊಸ ಹುಲ್ಲು ಹೊದಿಸುವುದು ಯಾವಾಗ, ಮಣ್ಣಿಗೆ ಸಗಣಿ ಎಷ್ಟು ಬೆರೆಸಬೇಕು ಎಂಬ ಕಡೆಗೆ ಮಾತು ಹೊರಳಿತು; ರಾತ್ರಿ ಊಟಕ್ಕೆ ಬಾಜ್ರಾ ರೊಟ್ಟಿ, ಬೆಣ್ಣೆ ಬರುವವರೆಗೂ ಅದೇ ನಡೆದಿತ್ತು.