ಎಣ್ಣೆಕಡ್ಡಿಯ ಗೆರೆ

ಹೆಂಗಸರ ಪತ್ರಿಕೆಯಲ್ಲಿ ಕಾರಿನ ಎಂಜಿನ್ ಮಾತೇ ಎಂದು ಮೂಗಿನ ಮೇಲೆ ಬೆರಳಿಡಬೇಡಿ, ಸೋದರಿಯರೇ. ಕುಕ್ಕರಿನ ಗ್ಯಾಸ್ಕೆಟ್ ಹಾಕಲು, ಮಿಕ್ಸಿಯ ಬ್ಲೇಡ್ ಬಿಗಿ ಮಾಡಲು ಬರುವ ನಮಗೆ ಇದೇನೂ ಅರ್ಥವಾಗದ ವಿದ್ಯೆಯಲ್ಲ. ಅದರಲ್ಲೂ ಮನೆಯ ಗಂಟು ಕರಗುವ ವಿಷಯವಾದರೆ ನಾವು ಕಿವಿಗೊಡಲೇಬೇಕು.

ನಮ್ಮ ಮನೆಯಲ್ಲಿರುವುದು 1976ರ ಅಂಬಾಸಿಡರ್, ಮಾರ್ಕ್ 3. ಮಾವನವರು ಕೊಂಡದ್ದು. ಅವರು ತೀರಿಕೊಂಡ ಮೇಲೂ ಅದನ್ನು ಮಾರಲು ನಮ್ಮವರಿಗೆ ಮನಸ್ಸಾಗಲಿಲ್ಲ. ನನಗೂ ಅದು ಬೇಕು. ಆರ್ಡರಿನ ಮೇಲೆ ನಾನು ಮಾಡುವ ಚಕ್ಕುಲಿ, ಕೋಡುಬಳೆ, ಹೋಳಿಗೆಯ ಡಬ್ಬಗಳು ಅಂಗಡಿಗಳಿಗೂ ಮದುವೆ ಮನೆಗಳಿಗೂ ಹೋಗುವುದು ಅದರ ಡಿಕ್ಕಿಯಲ್ಲೇ. ಅಷ್ಟು ಅಗಲದ ಡಿಕ್ಕಿ ಈಗಿನ ಯಾವ ಸಣ್ಣ ಕಾರಿಗಿದೆ ಹೇಳಿ!

ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮಾದರಿಯಲ್ಲಿ ಬಂಗಾಳದ ಉತ್ತರಪಾರದಲ್ಲಿ ತಯಾರಾಗುತ್ತಿದ್ದ ಗಾಡಿ ಇದು. 2014ರಲ್ಲಿ ತಯಾರಿಕೆಯೇ ನಿಂತುಹೋಯಿತು. ನಮ್ಮದರಲ್ಲಿದ್ದ 1489 ಸಿ.ಸಿ.ಯ ಪೆಟ್ರೋಲ್ ಎಂಜಿನ್ನಿಗೆ ಬೋರ್ ಮಾಡಿಸಿ ಮಾಡಿಸಿ, ಇನ್ನು ಕೊರೆಯಲು ಲೋಹವೇ ಉಳಿದಿರಲಿಲ್ಲ. ಕೊನೆಗೆ ಗುಜರಿಗೆ ಬಂದಿದ್ದ ಬೇರೊಂದು ಗಾಡಿಯ ಪೆಟ್ರೋಲ್ ಎಂಜಿನ್, ಇನ್ನೂ ಗಟ್ಟಿಮುಟ್ಟಾಗಿದ್ದದ್ದು, ಸಿಕ್ಕಿತು. ಹಣ ಎಲ್ಲಿಂದ ಅಂತೀರಾ? ಎರಡು ವರ್ಷ ಹೋಳಿಗೆ ತಟ್ಟಿ ಕಟ್ಟಿದ ನನ್ನ ಚೀಟಿಯಿಂದ. ಮಗಳಿಗೆ ಒಂದು ಜೊತೆ ಬಳೆ ಮಾಡಿಸೋಣ ಅಂತ ಇಟ್ಟುಕೊಂಡಿದ್ದ ದುಡ್ಡು ಅದು. ಹಾಗಾಗಿ ಆ ಎಂಜಿನ್ ಕೆಟ್ಟರೆ ಕೆಡುವುದು ಬರೀ ಕಬ್ಬಿಣವಲ್ಲ, ನೋಡಿ.

ಗ್ಯಾರೇಜಿನಲ್ಲಿ ತೊಡಕು ಶುರುವಾದದ್ದು ಎಂಜಿನ್ ಇಳಿಸುವಾಗ. ಎಂಜಿನ್ನಿನ ಅಡಿಯಲ್ಲಿ ಎಣ್ಣೆ ನಿಲ್ಲುವ ಒಂದು ತಗಡಿನ ತಟ್ಟೆ ಇರುತ್ತದೆ, ಅದಕ್ಕೆ ಚೇಂಬರ್ ಅನ್ನುತ್ತಾರೆ. ಅದರ ಒಂದು ಕಡೆ ಆಳ, ಇನ್ನೊಂದು ಕಡೆ ತೆಳು. ಹೊಸ ಎಂಜಿನ್ನಿನ ಚೇಂಬರ್ ಮುಂದಗಡೆ ಆಳ. ಅದು ಸರಿಯಾಗಿ ನಮ್ಮ ಕಾರಿನ ಮುಂದಿನ ಅಡ್ಡಪಟ್ಟಿಗೆ ಬಡಿಯಿತು. ಮೆಕ್ಯಾನಿಕ್ ಹುಡುಗ ಜಾಣ. ಚೇಂಬರನ್ನು ಕತ್ತರಿಸಿ ಆಳದ ಭಾಗವನ್ನು ಹಿಂದಕ್ಕೆ ತಂದು ವೆಲ್ಡಿಂಗ್ ಮಾಡಿಸಿದ. ಎಣ್ಣೆ ಹೀರುವ ಪಂಪಿನ ಜರಡಿಯನ್ನೂ ಅಲ್ಲಿಗೇ ಒಯ್ದ. ಇಳಿಜಾರಿನಲ್ಲಿ ಬ್ರೇಕ್ ಹಾಕಿದಾಗ ಎಣ್ಣೆಯೆಲ್ಲ ಮುಂದಕ್ಕೆ ನುಗ್ಗಿ ಜರಡಿ ಒಣಗಬಾರದೆಂದು ಒಳಗೆ ಒಂದು ತಡೆ ತಗಡನ್ನೂ ಕೂಡಿಸಿದ.

ಆದರೆ ಎಣ್ಣೆ ನೋಡುವ ಕಡ್ಡಿ ಮಾತ್ರ ಮುಂದೇ ಉಳಿಯಿತು. ಅಲ್ಲೀಗ ಎಣ್ಣೆಯೇ ಇಲ್ಲ, ತೆಳು ಭಾಗ! "ಹಿಂದಗಡೆ ಒಂದು ತೂತು ಮಾಡಿ, ಇದೇ ಕಡ್ಡೀನ ತೂರಿಸ್ತೀನಿ ಅಕ್ಕಾ. ಅಂದಾಜಿಗೆ ನಾಲ್ಕು ಲೀಟರ್ ಹಾಕಿದ್ರೆ ಆಯ್ತು" ಅಂದ. ನಮ್ಮವರೂ "ಅವನಿಗೆ ಗೊತ್ತಿರತ್ತೆ, ನೀನು ಸುಮ್ನಿರು" ಅಂದರು.

ನಾನು ಸುಮ್ಮನಿರಲಿಲ್ಲ. "ಈ ಕಡ್ಡಿ ಮೇಲಿರೋ ಗೆರೆ ಯಾವ ಪಾತ್ರೆಗೆ ಹಾಕಿದ್ದಪ್ಪಾ?" ಅಂತ ಕೇಳಿದೆ. ಎರಡು ಪಾವು ನೀರು ಚೊಂಬಿನಲ್ಲಿ ಕತ್ತಿನವರೆಗೆ ಬರುತ್ತದೆ, ಅದೇ ನೀರನ್ನು ಪರಾತಕ್ಕೆ ಸುರಿದರೆ ಬೆರಳ ತುದಿಯೂ ನೆನೆಯುವುದಿಲ್ಲ. ಪಾತ್ರೆ ಬದಲಾಯಿತು, ಕಡ್ಡಿ ಇಳಿಯುವ ಜಾಗವೂ ಬದಲಾಯಿತು. ಹಳೆಯ ಗೆರೆ ಇನ್ನು ಹೇಳುವುದೆಲ್ಲ ಸುಳ್ಳೇ ಅಲ್ಲವೇ? ಹುಡುಗ ಒಂದು ಗಳಿಗೆ ನಿಂತು, "ಅದೂ ನಿಜಾನೇ ಅಕ್ಕಾ" ಎಂದು ನಕ್ಕ.

ಸುಳ್ಳು ಗೆರೆಯಿಂದ ಏನಾಗುತ್ತದೆ ಗೊತ್ತೇ? ಎಣ್ಣೆ ಕಡಿಮೆಯಾದರೆ ಪಂಪು ಗಾಳಿ ಹೀರುತ್ತದೆ, ಬೇರಿಂಗುಗಳು ಒಣಗಿ ಉಜ್ಜಿಕೊಂಡು ಎಂಜಿನ್ ಹಿಡಿದುಕೊಳ್ಳುತ್ತದೆ. ಹೆಚ್ಚಾದರೂ ಸುಖವಿಲ್ಲ. ತಿರುಗುವ ಕ್ರ್ಯಾಂಕು ಎಣ್ಣೆಯನ್ನು ಮಜ್ಜಿಗೆ ಕಡೆದಂತೆ ಕಡೆದು ನೊರೆ ಮಾಡುತ್ತದೆ, ಸೀಲುಗಳಿಂದ ಸೋರಿಕೆ ಶುರುವಾಗುತ್ತದೆ. ಕೆಂಪು ದೀಪ ಇದೆಯಲ್ಲ ಅಂತೀರಾ? ಅದು ಹತ್ತುವುದು ಒತ್ತಡ ಇಳಿದ ಮೇಲೆ. ಮೊದಲೇ ಎಚ್ಚರಿಸುವುದು ಕಡ್ಡಿಯೊಂದೇ.

ಆಮೇಲೆ ಆದ ಕೆಲಸವನ್ನು ಕ್ರಮವಾಗಿ ಹೇಳುತ್ತೇನೆ. ಚೇಂಬರನ್ನು ಜೋಡಿಸುವ ಮುಂಚೆ, ಕಾರಿನಲ್ಲಿ ಕೂರುವಷ್ಟೇ ಓರೆಯಾಗಿ ಮೇಜಿನ ಮೇಲಿಟ್ಟರು. ಕ್ರ್ಯಾಂಕು ಎಲ್ಲಿಯವರೆಗೆ ಇಳಿಯುತ್ತದೆಂದು ಅಳೆದು, ಅದಕ್ಕಿಂತ ಎರಡು ಬೆರಳು ಕೆಳಗೆ ಗುರುತು ಮಾಡಿ, ಲೀಟರ್ ಅಳತೆಯಿಂದ ಎಣ್ಣೆ ಸುರಿದರು. ನಾಲ್ಕು ಲೀಟರಿಗೆ ಆ ಮಟ್ಟ ಬಂತು. ಹಳೆಯ ತೂತನ್ನು ಭದ್ರವಾಗಿ ಮುಚ್ಚಿದರು, ಇಲ್ಲದಿದ್ದರೆ ಅಲ್ಲಿಂದ ಧೂಳು ಒಳಗೆ, ಎಣ್ಣೆಯ ಹಬೆ ಹೊರಗೆ. ಹೊಸ ಕೊಳವೆಯನ್ನು ಆಳದ ಭಾಗದ ಪಕ್ಕಕ್ಕೆ, ಎಣ್ಣೆಯ ಮಟ್ಟಕ್ಕಿಂತ ಮೇಲೆ ಬೆಸೆದರು. ಅದರ ಬಾಯಿ ಬಿಸಿ ಸೈಲೆನ್ಸರ್ ಪೈಪಿನಿಂದ ದೂರವಿರಬೇಕು, ಅಲ್ಲಿ ತೊಟ್ಟಿಕ್ಕಿದ ಎಣ್ಣೆ ಬೆಂಕಿಗೆ ದಾರಿ. ಬಾನೆಟ್ ಎತ್ತಿದರೆ ನನ್ನ ಕೈಗೂ ಎಟುಕಬೇಕು ಅಂತ ನಾನು ಸೇರಿಸಿದೆ. ಕಡ್ಡಿ ಹಾಕಿ, ಎಂಜಿನ್ನನ್ನು ಕೈಯಿಂದಲೇ ಎರಡು ಸುತ್ತು ತಿರುಗಿಸಿ, ಕ್ರ್ಯಾಂಕಿಗೆ ಎಲ್ಲೂ ತಗಲುವುದಿಲ್ಲ ಎಂದು ಖಾತರಿ ಮಾಡಿಕೊಂಡರು.

ಕೊನೆಗೆ ಗೆರೆ ಹಾಕುವ ಶಾಸ್ತ್ರ. ಕಾರು ಜಾಕಿಯ ಮೇಲಲ್ಲ, ಸಮನೆಲದಲ್ಲಿ ತನ್ನ ನಾಲ್ಕು ಚಕ್ರಗಳ ಮೇಲೇ ನಿಂತಿರಬೇಕು. ಫಿಲ್ಟರಿಗೆ ಹಿಡಿಯುವ ಅರ್ಧ ಲೀಟರೂ ಸೇರಿ ಮೂರೂವರೆ ಲೀಟರ್ ಹಾಕಿ, ಎಂಜಿನ್ ಐದು ನಿಮಿಷ ಓಡಿಸಿ, ಆರಿಸಿ, ಎಣ್ಣೆ ಕೆಳಗಿಳಿಯಲು ಹತ್ತು ನಿಮಿಷ ಬಿಟ್ಟೆವು. ಕಡ್ಡಿ ಒರೆಸಿ ಅದ್ದಿ ತೆಗೆದಾಗ ಒದ್ದೆ ನಿಂತಲ್ಲಿ ಅರದಿಂದ ಹಗುರಾಗಿ ಕೆಳಗೆರೆ ಹಾಕಿದ. ಆಳವಾಗಿ ಕೊರೆದರೆ ಕಡ್ಡಿ ಅಲ್ಲೇ ಮುರಿಯುತ್ತದೆ. ಇನ್ನೊಂದು ಲೀಟರ್ ಹಾಕಿ, ಮತ್ತೆ ಕಾದು, ಮೇಲ್ಗೆರೆ ಹಾಕಿದ. ಹಳೆಯ ಗೆರೆಗಳನ್ನು ನನ್ನೆದುರಿಗೇ ಉಜ್ಜಿಸಿ ತೆಗೆಸಿದೆ. ಹೊಸ ಮೇಲ್ಗೆರೆ ಹಳೆಯದಕ್ಕಿಂತ ಒಂದೂವರೆ ಇಂಚು ಕೆಳಗೆ ಬಂದಿತ್ತು! ಹಳೆಯದನ್ನೇ ನಂಬಿ ತುಂಬಿಸಿದ್ದರೆ ಕ್ರ್ಯಾಂಕು ಎಣ್ಣೆಯಲ್ಲೇ ಈಜುತ್ತಿತ್ತು. ನಮ್ಮವರು ಅದನ್ನು ನೋಡಿ ಮಾತಾಡಲಿಲ್ಲ, ಆದರೆ ಮನೆಗೆ ಬರುವಾಗ ಮಲ್ಲಿಗೆ ಮೊಳ ತಂದರು.

ನಿಮ್ಮಲ್ಲೂ ಹಳೆಯ ಗಾಡಿ ಇದ್ದು ಎಂಜಿನ್ ಬದಲಾಯಿಸುವ ಮಾತು ಬಂದರೆ, ಮೊದಲು ಆರ್.ಟಿ.ಓ. ಕಚೇರಿಯ ಅನುಮತಿ ಪಡೆಯಿರಿ. ಹೊಸ ಎಂಜಿನ್ ನಂಬರನ್ನು ಆರ್.ಸಿ.ಯಲ್ಲಿ ನಮೂದಿಸಿ, ವಿಮೆಯವರಿಗೂ ತಿಳಿಸಿ. ಚೇಂಬರ್ ಮುಟ್ಟಿದ್ದೀರಾ ಎಂದು ಮೆಕ್ಯಾನಿಕ್ಕನ್ನು ಕೇಳಿ. ಮುಟ್ಟಿದ್ದರೆ ಕಡ್ಡಿಯ ಗೆರೆ ಹೊಸದಾಗಿ ಹಾಕಿಸಿ, ಎಷ್ಟು ಲೀಟರ್ ಹಿಡಿಯಿತೆಂದು ಬರೆದು ಬಾನೆಟ್ಟಿನ ಒಳಗೆ ಅಂಟಿಸಿ. ವಾರಕ್ಕೊಮ್ಮೆ, ಬೆಳಿಗ್ಗೆ ಗಾಡಿ ತೆಗೆಯುವ ಮುಂಚೆ, ಕಡ್ಡಿ ಒರೆಸಿ ಅದ್ದಿ ನೋಡಿ. ಹಾಲು ಉಕ್ಕುವ ಮುಂಚೆ ಒಲೆ ಸಣ್ಣ ಮಾಡಲು ಬೇಕಾಗುವಷ್ಟೇ ಹೊತ್ತು ಸಾಕು.