ಇಪ್ಪತ್ತೊಂದು ಮಿಲಿಮೀಟರ್

ಟೈರಿನ ಪಕ್ಕದಲ್ಲಿ ಅಚ್ಚಾಗಿರುವ 255/65 R18 ಎಂಬ ಗುರುತನ್ನು ಬಹಳ ಜನ ಗಾಡಿ ಮಾರುವವರೆಗೂ ಓದುವುದಿಲ್ಲ. ಓದಲು ಕಷ್ಟವೇನಿಲ್ಲ. ಟೈರಿನ ಅಗಲ 255 ಮಿಲಿಮೀಟರ್. ರಿಮ್ಮಿನ ಅಂಚಿನಿಂದ ನೆಲದವರೆಗಿನ ರಬ್ಬರಿನ ಎತ್ತರ ಆ ಅಗಲದ ನೂರಕ್ಕೆ 65 ಪಾಲು, ಅಂದರೆ ಸುಮಾರು 166 ಮಿಲಿಮೀಟರ್. ಒಳಗಿನ ರಿಮ್ 18 ಇಂಚು. ಎಲ್ಲ ಕೂಡಿಸಿದರೆ ಗಾಲಿಯ ಒಟ್ಟು ವ್ಯಾಸ 789 ಮಿಲಿಮೀಟರ್ ಆಗುತ್ತದೆ. 2020ರಲ್ಲಿ ಬಂದ ಮಹೀಂದ್ರಾ ಥಾರ್‌ನ ಎಲ್‌ಎಕ್ಸ್ ಮಾದರಿಗೆ ಇದೇ ಅಳತೆ.

ಪುಣೆಯ ಕೋಥ್ರೂಡಿನಲ್ಲಿ ಮನೆ ಮಾಡಿಕೊಂಡು ಹಿಂಜವಡಿಯ ಕಚೇರಿಗೆ ಹೋಗಿಬರುವ ಧಾರವಾಡದ ಎಂಜಿನಿಯರ್ ಒಬ್ಬನಿಗೆ ಈ ಲೆಕ್ಕ ಬಾಯಿಪಾಠವಾಗಿತ್ತು. ಅವನಿಗೆ ಬೇಕಾಗಿದ್ದುದು 285/70 R17, ಆಫ್‌ರೋಡ್ ಮಂದಿ 'ಮೂವತ್ಮೂರು ಇಂಚು' ಎಂದು ಕರೆಯುವ ಮಡ್ ಟೆರೇನ್ ಟೈರ್. ವ್ಯಾಸ 831 ಮಿಲಿಮೀಟರ್. ಜತೆಗೆ ಎರಡು ಇಂಚಿನ ಲಿಫ್ಟ್ ಕಿಟ್, ಹೊಸ ರಿಮ್ಮುಗಳು. ಸ್ಟೆಪ್ನಿ ಸೇರಿ ಐದು ಟೈರಿಗೇ ಲಕ್ಷ ದಾಟುತ್ತಿತ್ತು. ವ್ಯತ್ಯಾಸ 42 ಮಿಲಿಮೀಟರ್. ಆದರೆ ಅದರಲ್ಲಿ ಅರ್ಧ ಆಕ್ಸಲಿನ ಮೇಲಕ್ಕೆ, ಅರ್ಧ ಕೆಳಕ್ಕೆ. ಕಲ್ಲಿನಿಂದ ಗಾಡಿಯ ಹೊಟ್ಟೆ ತಪ್ಪಿಸಿಕೊಳ್ಳಲು ನಿಜವಾಗಿ ಸಿಗುವುದು ಕೆಳಗಿನ ಅರ್ಧ ಮಾತ್ರ: 21 ಮಿಲಿಮೀಟರ್.

ಪುಣೆಯಲ್ಲಿ ಈ ಆಸೆ ಹುಟ್ಟುವುದು ಸಹಜ. ಶಹರದಿಂದ ಪಶ್ಚಿಮಕ್ಕೆ ಒಂದೂವರೆ ತಾಸು ಹೋದರೆ ಮುಳಶಿ, ತಾಮ್ಹಿಣಿ ಘಾಟ್. ಜೂನ್ ಕಳೆದ ಮೇಲೆ ಅಲ್ಲಿ ಬೀಳುವ ಮಳೆ ಆಗುಂಬೆಯವರಿಗೂ ಸೋಜಿಗವಾಗದಿರಲಿಕ್ಕಿಲ್ಲ. ಡಾಂಬರು ಬಿಟ್ಟು ಕೆಳಗಿಳಿದರೆ ಒಂದೋ ಕರಿಕಲ್ಲು, ಇಲ್ಲವೇ ಕೆಸರು. ಲೋಣಾವಳದ ಸುತ್ತ ದುಡ್ಡು ಕೊಟ್ಟು ಗಾಡಿಯನ್ನು ಹಳ್ಳಕ್ಕೆ ಇಳಿಸಿ ಹತ್ತಿಸುವ ಖಾಸಗಿ ಜಾಗಗಳೂ ಇವೆ. ಮೊದಲ ಮಳೆಗಾಲದಲ್ಲೇ ಅವನ ಥಾರ್ ಮುಳಶಿಯ ಹಿಂದಿನ ಒಂದು ಗದ್ದೆದಾರಿಯಲ್ಲಿ ಹೂತು ನಿಂತಿತು. ಟೈರಿನ ಗೆರೆಗಳಲ್ಲೆಲ್ಲ ಕೆಸರು ತುಂಬಿ ನಾಲ್ಕೂ ಗಾಲಿ ಬೋಳಾಗಿದ್ದವು. ಹಿಂದಿನಿಂದ ಬಂದ ದೊಡ್ಡ ಗಾಲಿಯ ಗಾಡಿ ಪಕ್ಕದಲ್ಲೇ ದಾಟಿಹೋಗಿ, ಮುಂದೆ ನಿಂತು, ಹಗ್ಗ ಎಸೆಯಿತು. ಹಗ್ಗ ಕಟ್ಟಿಸಿಕೊಂಡವನ ಮನಸ್ಸಿನಲ್ಲಿ ಆ ಹೊತ್ತು ಏನು ನೆಡುತ್ತದೋ ಅದನ್ನು ಲೆಕ್ಕ ತೋರಿಸಿ ಕೀಳುವುದು ಸುಲಭವಲ್ಲ.

ದೊಡ್ಡ ಗಾಲಿಯ ಪರವಾಗಿ ಹೇಳಬೇಕಾದ ಮಾತು ಮೊದಲು. ಲಿಫ್ಟ್ ಕಿಟ್ ಎತ್ತುವುದು ಬಾಡಿಯನ್ನು. ಥಾರ್‌ನ ಹಿಂದಿನ ಆಕ್ಸಲ್ ಒಂದೇ ಗಟ್ಟಿ ದಂಡ, ಅದರ ನಡುವೆ ಡಿಫರೆನ್ಷಿಯಲಿನ ಗುಂಡು ಬುರುಡೆ. ಸ್ಪ್ರಿಂಗನ್ನು ಎರಡು ಇಂಚು ಎತ್ತರಿಸಿದರೂ ಆ ಬುರುಡೆ ಇದ್ದಲ್ಲೇ ಇರುತ್ತದೆ. ಅದನ್ನು ಮೇಲೆತ್ತುವುದು ದೊಡ್ಡ ಟೈರೊಂದೇ. ಆದ್ದರಿಂದ ಲಿಫ್ಟ್ ಮಾಡಿಸಿ ಹಳೆಯ ಟೈರನ್ನೇ ಉಳಿಸಿಕೊಂಡವರ ಗಾಡಿ ನೋಡಲಷ್ಟೇ ಎತ್ತರ. ಮಡ್ ಟೆರೇನಿನ ದಪ್ಪ ದಪ್ಪ ಬ್ಲಾಕುಗಳ ನಡುವೆ ಅಗಲವಾದ ಸಂದುಗಳಿರುತ್ತವೆ. ಗಾಲಿ ತಿರುಗುವ ರಭಸಕ್ಕೆ ಕೆಸರು ಅಲ್ಲಿಂದ ಸಿಡಿದುಹೋಗುತ್ತದೆ. ಎರೆಮಣ್ಣಿನಲ್ಲಿ ಒಮ್ಮೆಯಾದರೂ ಸೈಕಲ್ ತಳ್ಳಿದವರಿಗೆ ಇದರ ಬೆಲೆ ಗೊತ್ತು. ಸಹ್ಯಾದ್ರಿಯ ಚೂಪು ಕಲ್ಲಿಗೆ ಪಕ್ಕದ ಗೋಡೆ ಸೀಳದಂತೆ ಅದು ದಪ್ಪಗೂ ಇರುತ್ತದೆ. ಇವೆಲ್ಲ ನಿಜವಾದ ಲಾಭಗಳು.

ಖರ್ಚು ಶುರುವಾಗುವುದು ಆಮೇಲೆ. 831 ಮಿಲಿಮೀಟರಿನ ಗಾಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಒಳಗಿನ ಪ್ಲಾಸ್ಟಿಕ್ಕಿಗೆ, ಬಂಪರಿನ ಮೂಲೆಗೆ ಉಜ್ಜುತ್ತದೆ. ಅದಕ್ಕೆಂದು ಲಿಫ್ಟ್ ಬೇಕು. ಲಿಫ್ಟ್ ಮಾಡಿಸಿದರೆ ಮುಂದಿನ ಡ್ರೈವ್ ಶಾಫ್ಟುಗಳು ಇಳಿಜಾರಾಗಿ ನಿಂತು ಅವುಗಳ ಕೀಲುಗಳು ಬೇಗ ಸವೆಯುತ್ತವೆ. ಗಾಡಿಯ ಭಾರ ಮೇಲಕ್ಕೇರುತ್ತದೆ, ಅಡ್ಡ ಇಳಿಜಾರಿನಲ್ಲಿ ಮಗುಚುವ ಭಯ ಅಷ್ಟು ಹತ್ತಿರ ಬರುತ್ತದೆ. ಗಾಲಿ ನೂರಕ್ಕೆ ಐದು ಪಾಲು ದೊಡ್ಡದಾದದ್ದಕ್ಕೆ ಪ್ರತಿ ಗೇರೂ ಅಷ್ಟು ಬಿರುಸಾಗುತ್ತದೆ. ಏರಿನಲ್ಲಿ ಮೂರನೇ ಗೇರಿನಲ್ಲಿ ಹೋಗುತ್ತಿದ್ದವನು ಎರಡಕ್ಕೆ ಇಳಿಯಬೇಕು. ಹಿಂಬಾಗಿಲಿಗೆ ತೂಗುವ ಸ್ಟೆಪ್ನಿ ಭಾರವಾಗಿ ಬಾಗಿಲಿನ ಕೀಲು ಜೋಲುತ್ತದೆ. ಮೀಟರ್ 100 ತೋರಿಸುವಾಗ ಗಾಲಿ ಹೊಸ ಲೆಕ್ಕದಲ್ಲಿ 105ರಷ್ಟು ದೂರ ಉರುಳುತ್ತಿರುತ್ತದೆ. ಕಂಪನಿಯವರು ಸ್ಪೀಡೋಮೀಟರನ್ನು ನಿಜಕ್ಕಿಂತ ತುಸು ಹೆಚ್ಚೇ ತೋರಿಸುವಂತೆ ಕೂರಿಸಿರುತ್ತಾರೆ. ಆ ಮೀಸಲು ಇಲ್ಲಿ ಕರಗಿಹೋಗುತ್ತದೆ. ಓಡಿದ ಕಿಲೋಮೀಟರೂ ಕಡಿಮೆ ದಾಖಲಾಗುವುದರಿಂದ, 'ದೊಡ್ಡ ಟೈರ್ ಹಾಕಿಸಿದ ಮೇಲೆ ಮೈಲೇಜ್ ಬಿತ್ತು' ಎಂಬ ದೂರಿನಲ್ಲಿ ಒಂದು ಪಾಲು ಬರಿಯ ಲೆಕ್ಕದ ಭ್ರಮೆ. ಉಳಿದ ಪಾಲು ಭ್ರಮೆಯಲ್ಲ.

ಇಷ್ಟನ್ನೂ ಅವನು ಓದಿಕೊಂಡಿದ್ದ. ಓದಿಯೂ ಆಸೆ ಹಾಗೇ ಇತ್ತು. ಮಾತು ಬೇರೆ ದಿಕ್ಕಿಗೆ ತಿರುಗಿದ್ದು ಅಪ್ಪನಿಂದ.

ಅಪ್ಪ ವಾಯವ್ಯ ಸಾರಿಗೆಯ ನಿವೃತ್ತ ಚಾಲಕರು. ಕೊನೆಯ ವರ್ಷಗಳಲ್ಲಿ ಧಾರವಾಡದಿಂದ ಪುಣೆಗೆ ರಾತ್ರಿ ಬಸ್ಸು ತರುತ್ತಿದ್ದವರು. ಮಳೆಗಾಲಕ್ಕೆ ಮಗನ ಮನೆಗೆ ಬಂದಿದ್ದರು. ಊಟದ ನಂತರ ಮೊಬೈಲಿನಲ್ಲಿ ಟೈರಿನ ಚಿತ್ರ ತೋರಿಸಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ.

"ಎಷ್ಟ ಎತ್ತರ ಆಕ್ಕತಿ?"

"ಇಪ್ಪತ್ತೊಂದ್ ಮಿಲಿಮೀಟರ್, ಅಪ್ಪಾ."

ಅವರು ಹೆಬ್ಬೆರಳನ್ನು ಅಡ್ಡ ಹಿಡಿದು ತೋರಿಸಿದರು. "ಇಷ್ಟ ಏನು?"

ಅಷ್ಟೇ. ಅಂಗುಲ ಅನ್ನುವುದು ಬೆರಳಿನ ಅಗಲದಿಂದ ಬಂದ ಅಳತೆ. ಲಕ್ಷ ರೂಪಾಯಿಯ ಲೆಕ್ಕಾಚಾರ ಒಂದು ಬೆರಳಿನ ಅಗಲಕ್ಕೆ ಬಂದು ನಿಂತಿತ್ತು. ಅಪ್ಪ ದುಡ್ಡಿನ ಮಾತು ಎತ್ತಲಿಲ್ಲ.

"ಗಾಲಿ ದೊಡ್ಡದ ಮಾಡ್ಸಾಂವ ನೀ. ಬ್ರೇಕ್ ಯಾರ ದೊಡ್ಡದ ಮಾಡಾವ್ರು?"

ಇದು ಎಂಜಿನಿಯರಿಂಗ್ ಪುಸ್ತಕದ ಮಾತೇ. ಬ್ರೇಕ್ ಹಿಡಿಯುವುದು ಗಾಲಿಯ ನಡುವಿನ ತಟ್ಟೆಯನ್ನು. ಆ ಹಿಡಿತ ನೆಲಕ್ಕೆ ತಲುಪುವಾಗ ಗಾಲಿಯ ಅರ್ಧ ವ್ಯಾಸ ಎಷ್ಟು ಉದ್ದವೋ ಅಷ್ಟು ಬಲ ಕುಂದುತ್ತದೆ. ಐದು ಪಾಲು ದೊಡ್ಡ ಗಾಲಿಗೆ, ಪೆಡಲನ್ನು ಅಷ್ಟೇ ಒತ್ತಿದರೆ, ಐದು ಪಾಲು ಕಡಿಮೆ ತಡೆ. ಅದರ ಮೇಲೆ ಟೈರಿನ ಹೆಚ್ಚುವರಿ ತೂಕ ಬೇರೆ. ಆ ತೂಕ ಕೂತಿರುವುದು ಆಕ್ಸಲಿನಿಂದ ದೂರದ ಅಂಚಿನಲ್ಲಿ. ಒಮ್ಮೆ ತಿರುಗಲು ಹತ್ತಿದರೆ ಬೇಗ ನಿಲ್ಲುವುದಿಲ್ಲ. ಒದ್ದೆ ಡಾಂಬರಿನಲ್ಲಿ ಮಡ್ ಟೆರೇನ್ ಇನ್ನೂ ಅಳುಕುತ್ತದೆ. ಕೆಸರು ಉಗುಳಲೆಂದು ಬಿಟ್ಟ ಸಂದುಗಳು ಡಾಂಬರಿನ ಮೇಲೆ ರಬ್ಬರಿಲ್ಲದ ಖಾಲಿ ಜಾಗಗಳು.

ಆ ಗಾಡಿ ವರ್ಷಕ್ಕೆ ನಾಲ್ಕೈದು ಸಲ ಕೆಸರಿಗೆ ಇಳಿಯುತ್ತಿತ್ತು. ಅದಕ್ಕಿಂತ ಹೆಚ್ಚು ಸಲ ಸಾತಾರಾ, ಕರಾಡ, ಕೊಲ್ಹಾಪುರ, ನಿಪ್ಪಾಣಿ, ಬೆಳಗಾವಿ ಹಾದು ಧಾರವಾಡಕ್ಕೆ ಹೋಗಿಬರುತ್ತಿತ್ತು. ಹಿಂದಿನ ಸೀಟಿನಲ್ಲಿ ಹೆಂಡತಿ, ಆರು ವರ್ಷದ ಮಗಳು. ವಾಪಸು ಬರುವಾಗ ಕಾತ್ರಜದ ಹೊಸ ಸುರಂಗ ದಾಟಿದೊಡನೆ ನವಲೆ ಸೇತುವೆಯ ಕಡೆಗೆ ಉದ್ದನೆಯ ಇಳಿಜಾರು. ಭಾರದ ಲಾರಿಗಳು ಹಿಡಿತ ತಪ್ಪಿ ನುಗ್ಗುವ ಜಾಗವೆಂದು ಪುಣೆಯ ಮಂದಿಗೆಲ್ಲ ಗೊತ್ತು. 2022ರ ನವೆಂಬರಿನಲ್ಲಿ ಒಂದೇ ಭಾರೀ ವಾಹನ ಅಲ್ಲಿ ಹತ್ತಾರು ವಾಹನಗಳಿಗೆ ಗುದ್ದಿತ್ತು. ಅಪ್ಪ ಆ ಇಳಿಜಾರನ್ನು ಬಸ್ಸಿನಲ್ಲಿ ಬೆಳಗಿನ ಜಾವಕ್ಕೆ ಎಷ್ಟೋ ಸಲ ಇಳಿದವರು. ಮುಂದಿನ ಗಾಲಿಗೆ ಹೊಸ ಟೈರು, ರೀಸೋಲ್ ಏನಿದ್ದರೂ ಹಿಂದಕ್ಕೆ ಎಂಬ ಡಿಪೋದ ಶಿಸ್ತಿನಲ್ಲಿ ಬೆಳೆದವರು. ಟೈರು ಅಂದರೆ ಅವರಿಗೆ ಮೊದಲು ನಿಲ್ಲಿಸುವ ಸಾಮಾನು.

ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರು ಕೊಟ್ಟ ಮೂಲ ವಿವರಗಳಿಗೆ ಹೊಂದದ ಮಾರ್ಪಾಡುಗಳನ್ನು ತಡೆಯುತ್ತದೆ. ಕೇರಳದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಬಿಗಿಯಾಗಿಯೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ಕಾಯ್ದೆಯಲ್ಲಿ ಅನುಮತಿಯಿಲ್ಲದ ಮಾರ್ಪಾಡಿಗೆ ಆರು ತಿಂಗಳವರೆಗಿನ ಸಜೆ, ಅಥವಾ ಒಂದೊಂದು ಮಾರ್ಪಾಡಿಗೂ ₹5,000 ದಂಡ, ಅಥವಾ ಎರಡೂ ಎಂದು ಬರೆದರು. ಅಪಘಾತವಾದರೆ ವಿಮೆಯವರಿಗೆ ತಕರಾರು ತೆಗೆಯಲು ಇಷ್ಟು ಸಾಕು. ಹಾಗಿದ್ದೂ ಪುಣೆಯ ಬೀದಿಗಳಲ್ಲಿ ಎತ್ತರಿಸಿದ ಥಾರ್‌ಗಳಿಗೇನೂ ಬರವಿಲ್ಲ. ತಮಾಷೆಯೆಂದರೆ, ದೇಶದ ವಾಹನಗಳನ್ನು ಪರೀಕ್ಷಿಸಿ ಯೋಗ್ಯವೆಂದು ಪ್ರಮಾಣಪತ್ರ ಕೊಡುವ ಎಆರ್‌ಎಐ ಸಂಸ್ಥೆ ಇರುವುದು ಇದೇ ಶಹರದ ವೇತಾಳ ಗುಡ್ಡದ ಮೇಲೆ. ಅವನ ಮನೆಯಿಂದ ಆ ಗುಡ್ಡ ಕಾಣುತ್ತದೆ.

ಹಾಗಾದರೆ ಕೆಸರಿಗೆ ಏನು ಮಾಡುವುದು? ಉತ್ತರ ಹಳೆಯದರಲ್ಲೇ ಇತ್ತು. ಎರಡನೇ ಮಹಾಯುದ್ಧದ ವಿಲ್ಲೀಸ್ ಜೀಪಿಗೆ ಇದ್ದದ್ದು 6.00-16 ಅಳತೆಯ ಟೈರು, ಅಗಲ ಆರೇ ಇಂಚು. ಗಾಡಿ ಹಗುರ, ಚಾಲಕನಿಗೆ ದಾರಿ ಆರಿಸುವ ಕಣ್ಣು, ಅಷ್ಟರ ಮೇಲೆ ಅದು ಹೋಗದ ಜಾಗ ಕಡಿಮೆ. ಈಗಿನ ಜಿಮ್ನಿಗೂ ಇರುವುದು 195 ಮಿಲಿಮೀಟರಿನ ಸಣ್ಣ ಟೈರೇ. ನಮ್ಮ ಕಡೆಯ ಚಕ್ಕಡಿಗಳ ಕಥೆಯೂ ಇಂಥದ್ದೇ. ಕಬ್ಬಿಣದ ಪಟ್ಟಿಯ ಎತ್ತರದ ಗಾಲಿ ಹೋಗಿ ಗಿಡ್ಡನೆಯ ರಬ್ಬರ್ ಗಾಲಿ ಬಂದಾಗ ಎತ್ತುಗಳಿಗೆ ಎಳೆಯುವುದು ಹಗುರವಾಯಿತು. ಗೆದ್ದದ್ದು ಒಳಗಿನ ಗಾಳಿ.

ಟೈರಿನ ಗಾಳಿ ಇಳಿಸುವುದೆಂದರೆ ಇದೇ. ಥಾರ್ ಸುಮಾರು ಒಂದೂಮುಕ್ಕಾಲು ಟನ್ ತೂಗುತ್ತದೆ, ಒಂದು ಗಾಲಿಗೆ 440 ಕಿಲೋ. ಟೈರಿನಲ್ಲಿ 32 ಪಿಎಸ್‌ಐ ಗಾಳಿಯಿದ್ದರೆ ನೆಲಕ್ಕೆ ತಾಗುವ ಜಾಗ ಹೆಚ್ಚುಕಡಿಮೆ 195 ಚದರ ಸೆಂಟಿಮೀಟರ್, ಒಂದು ಅಂಗೈಯಷ್ಟು. 18ಕ್ಕೆ ಇಳಿಸಿದರೆ ಅದು 345ರ ಹತ್ತಿರ ಬರುತ್ತದೆ. ರಬ್ಬರಿನ ಬಿಗಿತದಿಂದ ಈ ಲೆಕ್ಕ ತುಸು ಆಚೀಚೆ ಆದೀತು, ದಿಕ್ಕು ತಪ್ಪುವುದಿಲ್ಲ. ಅದೇ ಟೈರು, ಅದೇ ಗಾಡಿ, ಖರ್ಚು ಒಂದು ಗೇಜು ಮತ್ತು ಮತ್ತೆ ಗಾಳಿ ತುಂಬಲು 12 ವೋಲ್ಟಿನ ಸಣ್ಣ ಕಂಪ್ರೆಸರ್. ಹೀಗೆ ಇಳಿಸಿದಾಗ ಗಾಡಿ ಕೆಲವು ಮಿಲಿಮೀಟರ್ ಕೆಳಗೇ ಕೂರುತ್ತದೆ. ಎತ್ತರ ಗಳಿಸಲು ಹೊರಟವನು ಎತ್ತರ ಕಳೆದುಕೊಂಡು ಕೆಸರು ದಾಟುತ್ತಾನೆ. ಜೋರಾಗಿ ಓಡಿಸುವಂತಿಲ್ಲ, ಒಮ್ಮೆಲೆ ಸ್ಟೀರಿಂಗ್ ತಿರುಗಿಸಿದರೆ ಟೈರು ರಿಮ್ಮಿನಿಂದ ಕಳಚಿಕೊಳ್ಳಬಹುದು. ಡಾಂಬರಿಗೆ ಬರುವ ಮುಂಚೆ ಗಾಳಿ ತುಂಬಲೇಬೇಕು, ಇಲ್ಲವಾದರೆ ಟೈರು ಕಾದು ಸೀಳುತ್ತದೆ.

ಗಾಳಿ ಇಳಿಸಲು ರಬ್ಬರಿನ ಗೋಡೆ ಎತ್ತರವಿರಬೇಕು. ಥಾರ್‌ನ ಎಎಕ್ಸ್ ಮಾದರಿಗೆ ಕಂಪನಿಯೇ ಕೊಟ್ಟ ಅಳತೆ 245/75 R16. ರಿಮ್ ಎರಡು ಇಂಚು ಸಣ್ಣದು, ಗೋಡೆ 184 ಮಿಲಿಮೀಟರ್. ವ್ಯಾಸ ಮಾತ್ರ 774, ಅಂದರೆ ಆಕ್ಸಲ್ ಏಳು ಮಿಲಿಮೀಟರ್ ಕೆಳಗೆ. ಮೂವತ್ಮೂರು ಇಂಚು ಕೊಳ್ಳಲು ಹೋದವನು ಕೊನೆಗೆ ತನ್ನ ಗಾಡಿಯಲ್ಲಿದ್ದದ್ದಕ್ಕಿಂತಲೂ ಸಣ್ಣ ಗಾಲಿ ಆರಿಸಿಕೊಂಡ: 16 ಇಂಚಿನ ಉಕ್ಕಿನ ರಿಮ್, ಮೇಲೆ ಆಲ್ ಟೆರೇನ್ ಟೈರ್. ಅಂಗಡಿಯವನು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡ. ಗಾಡಿಯನ್ನು ಟ್ರೇಲರಿನಲ್ಲಿ ಹೊತ್ತು ಸ್ಪರ್ಧೆಗೆ ಒಯ್ಯುವವರಿಗೆ, ಡಾಂಬರನ್ನೇ ಕಾಣದ ಎಸ್ಟೇಟಿನ ಜೀಪಿಗೆ ಮಡ್ ಟೆರೇನ್ ಸರಿ. ಹಿಂಜವಡಿಯ ಸಿಗ್ನಲ್ಲಿನಲ್ಲಿ ನಿಲ್ಲುವ ಗಾಡಿಗೆ ಅದು ಸದ್ದು, ಡೀಸೆಲ್ ಮತ್ತು ಸವೆತ.

ಕೊಳ್ಳುವ ದಿನ ಅಪ್ಪನೂ ಜತೆಗೆ ಹೋದರು. ಟೈರಿನ ಪಕ್ಕದ ನಾಲ್ಕಂಕಿಯ ತಾರೀಖನ್ನು ಹುಡುಕಿ ಓದಿದ್ದು ಅವರೇ: ಮೊದಲೆರಡು ಅಂಕಿ ವಾರ, ಕೊನೆಯೆರಡು ವರ್ಷ. ಐದರಲ್ಲಿ ಒಂದು ಎರಡು ವರ್ಷ ಹಳೆಯದಿತ್ತು, ಬದಲಾಯಿಸಿಕೊಡುವವರೆಗೆ ಅವರು ಸ್ಟೂಲಿನಿಂದ ಏಳಲಿಲ್ಲ.

ಜುಲೈನಲ್ಲಿ ಮತ್ತೆ ಮುಳಶಿ, ಅದೇ ಗದ್ದೆದಾರಿ. 18 ಪಿಎಸ್‌ಐಗೆ ಇಳಿಸಿ ಲೋ ಗೇರಿನಲ್ಲಿ ನಿಧಾನವಾಗಿ ಬಿಟ್ಟ. ಒಂದು ಕಡೆ ಹಿಂದಿನ ಬುರುಡೆ ಕಲ್ಲಿಗೆ ತಾಗಿ ಕಿರ್ ಅಂದಿತು. ಹಿಂದೆ ಸರಿದು ಒಂದು ಮಾರು ಬಲಕ್ಕೆ ಹಿಡಿದ, ದಾಟಿತು. ಆಚೆ ನಿಂತು ಕಂಪ್ರೆಸರಿನಲ್ಲಿ ನಾಲ್ಕೂ ಗಾಲಿಗೆ ಗಾಳಿ ತುಂಬಲು ಇಪ್ಪತ್ತು ನಿಮಿಷ ಬೇಕಾಯಿತು. ಮಳೆಯಲ್ಲಿ ಗೊಣಗುತ್ತಲೇ ತುಂಬಿದ. ಹಳೆಯ 18 ಇಂಚಿನ ಗಾಲಿಗಳು ಬಾಲ್ಕನಿಯಲ್ಲಿ ಹಾಸಿಗೆ ಬಟ್ಟೆ ಹೊದ್ದು ಕೂತಿವೆ. ಯಾವಾಗ ಮಾರುತ್ತೀರಿ ಎಂದು ಹೆಂಡತಿ ಎರಡು ಸಲ ಕೇಳಿದ್ದಾಳೆ.